ರಾಜಿಗೆ ಒಪ್ಪದ ತತ್ವಜ್ಞಾನಿ: 1819ರ ಒಂದು ದಿವಾಳಿ ಪ್ರಕರಣ

1819ರ ಬೇಸಿಗೆಯಲ್ಲಿ, ಬಾಲ್ಟಿಕ್ ಸಮುದ್ರದ ದಂಡೆಯ ಡಾನ್‌ಜಿಗ್ ನಗರದಲ್ಲಿ ಒಳ್ಳೆಯ ಹೆಸರು ಗಳಿಸಿದ್ದ ಒಂದು ವರ್ತಕ ಸಂಸ್ಥೆ ತನ್ನಲ್ಲಿ ಹಣವಿಟ್ಟವರಿಗೆ ಪಾವತಿ ನಿಲ್ಲಿಸಿತು. ಹಣವಿಟ್ಟವರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ನೆಲೆಸಿದ್ದ ಒಬ್ಬ ವಿಧವೆ, ಆಕೆಯ ಮಗಳು, ಮತ್ತು ಐದು ವರ್ಷಗಳ ಹಿಂದೆಯೇ ತಾಯಿಯೊಂದಿಗೆ ಮಾತು ಬಿಟ್ಟಿದ್ದ ಮಗ ಇದ್ದರು. ತಾಯಿ ಮತ್ತು ಮಗಳು ವರ್ತಕ ಮುಂದಿಟ್ಟ ರಾಜಿಗೆ ಒಪ್ಪಿ ತಮ್ಮ ಆಸ್ತಿಯ ಬಹುಭಾಗವನ್ನು ಕಳೆದುಕೊಂಡರು. ಮಗ ರಾಜಿಗೂ ಒಪ್ಪಲಿಲ್ಲ, ಕೂಡಲೇ ನ್ಯಾಯಾಲಯಕ್ಕೂ ಹೋಗಲಿಲ್ಲ. ಸುಮಾರು ಎರಡು ವರ್ಷ ಕಾದು, ವರ್ತಕ ಚೇತರಿಸಿಕೊಂಡ ಮೇಲೆ ತನ್ನ ಪಾಲನ್ನು ಬಡ್ಡಿಸಹಿತ ಪೂರ್ತಿಯಾಗಿ ವಸೂಲು ಮಾಡಿದ. ಬದುಕು ಮೂಲತಃ ದುಃಖವೆಂದೂ ಇಚ್ಛೆಯ ಶಮನದಲ್ಲಿಯೇ ಬಿಡುಗಡೆಯೆಂದೂ ವಾದಿಸುವ ದೊಡ್ಡ ಪುಸ್ತಕವೊಂದನ್ನು ಕೆಲವೇ ತಿಂಗಳ ಮುಂಚೆ ಪ್ರಕಟಿಸಿದ್ದ ಆರ್ಥರ್ ಶೋಪೆನ್‌ಹಾವರ್ ಆ ಮಗ.

ಶೋಪೆನ್‌ಹಾವರ್‌ನ ಹೆಸರನ್ನು ಮರೆಮಾಡಿದರೆ ಪ್ರಕರಣಕ್ಕೆ ಅರ್ಥವೇ ಉಳಿಯುವುದಿಲ್ಲವಾದ್ದರಿಂದ ಅದನ್ನು ಹಾಗೆಯೇ ಇಟ್ಟಿದ್ದೇನೆ. ಉಳಿದವರನ್ನು ವರ್ತಕ, ತಾಯಿ, ತಂಗಿ ಎಂದಷ್ಟೇ ಕರೆಯುತ್ತೇನೆ. ಈ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣವೂ ಇದೆ. ಲೋಕವನ್ನು ನಿರಾಕರಿಸುವ ಮಾತಾಡಿ ಕಾಸಿಗೆ ಕಾಸು ಕೂಡಿಟ್ಟವನು ಎಂಬ ಆಪಾದನೆ ಶೋಪೆನ್‌ಹಾವರ್‌ನ ಮೇಲೆ ಅವನ ಕಾಲದಿಂದಲೂ ಇದೆ, ಮತ್ತು ಅದಕ್ಕೆ ಸಾಕ್ಷಿಯಾಗಿ ಮೊದಲು ಮುಂದೆ ಬರುವುದು ಈ ದಿವಾಳಿಯ ಕಥೆಯೇ. ಆದರೆ ಅವನು ಯಾವ ಹಂತದಲ್ಲಿ ಯಾವ ತೀರ್ಮಾನ ಕೈಗೊಂಡ ಎಂಬುದನ್ನು ಕ್ರಮವಾಗಿ ನೋಡಿದರೆ, ಅವನ ನಿರಾಶಾವಾದವೂ ಅವನ ಹಣದ ಎಚ್ಚರವೂ ಒಂದೇ ಬೇರಿನಿಂದ ಬಂದವು ಎಂದು ನನಗೆ ತೋರುತ್ತದೆ. ಅವನ ಸಿದ್ಧಾಂತಕ್ಕೂ ನಡತೆಗೂ ನಿಜವಾದ ಬಿರುಕು ಇದ್ದುದು ಹಣದ ವಿಷಯದಲ್ಲಲ್ಲ, ತಂಗಿಯ ವಿಷಯದಲ್ಲಿ.

ಹಿನ್ನೆಲೆ

ಶೋಪೆನ್‌ಹಾವರ್ ಹುಟ್ಟಿದ್ದು 1788ರ ಫೆಬ್ರವರಿ 22ರಂದು, ಅದೇ ಡಾನ್‌ಜಿಗ್‌ನಲ್ಲಿ. ತಂದೆ ಸ್ಥಿತಿವಂತ ವರ್ತಕ, ಸ್ವಾಭಿಮಾನಿ, ಸ್ವತಂತ್ರ ನಗರದ ಪ್ರಜೆ ಎಂಬ ಹೆಮ್ಮೆಯುಳ್ಳವನು. 1793ರಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯಾ ಡಾನ್‌ಜಿಗ್ ಅನ್ನು ವಶಪಡಿಸಿಕೊಂಡಾಗ ಅವನು ಸಂಸಾರವನ್ನು ಕಟ್ಟಿಕೊಂಡು ಹ್ಯಾಂಬರ್ಗ್‌ಗೆ ಹೊರಟುಬಿಟ್ಟ. ಮಗನಿಗೆ ಆರ್ಥರ್ ಎಂದು ಹೆಸರಿಟ್ಟಿದ್ದರಲ್ಲಿಯೂ ವ್ಯಾಪಾರದ ಲೆಕ್ಕಾಚಾರವಿತ್ತು: ಯೂರೋಪಿನ ಹಲವು ಭಾಷೆಗಳಲ್ಲಿ ಆ ಹೆಸರು ಹೆಚ್ಚು ಬದಲಾಗದೆ ನಡೆಯುತ್ತದೆ. ಓದಿನ ಕಡೆ ಒಲವಿದ್ದ ಹುಡುಗನ ಮುಂದೆ ತಂದೆ ಒಂದು ಆಯ್ಕೆ ಇಟ್ಟ. ಲ್ಯಾಟಿನ್ ಶಾಲೆಗೆ ಸೇರಬಹುದು. ಇಲ್ಲವಾದರೆ ತಂದೆತಾಯಿಗಳ ಜೊತೆ ಯೂರೋಪ್ ಸುತ್ತಿ ಬರಬಹುದು, ಆದರೆ ಬಂದ ಮೇಲೆ ವ್ಯಾಪಾರಕ್ಕೆ ಇಳಿಯಬೇಕು. ಹದಿನೈದರ ಹುಡುಗ ಪ್ರವಾಸವನ್ನು ಆರಿಸಿಕೊಂಡ. 1803 ಮತ್ತು 1804ರಲ್ಲಿ ಹಾಲೆಂಡ್, ಇಂಗ್ಲೆಂಡ್, ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾಗಳನ್ನು ಸುತ್ತಿದ. ಫ್ರಾನ್ಸಿನ ತುಲೋನ್ ಬಂದರಿನಲ್ಲಿ ಸರಪಳಿ ಬಿಗಿದು ದುಡಿಸುತ್ತಿದ್ದ ಕೈದಿಗಳನ್ನು ಕಂಡು ತನ್ನ ದಿನಚರಿಯಲ್ಲಿ ಬರೆದುಕೊಂಡ. ಬುದ್ಧನು ಯೌವನದಲ್ಲಿ ರೋಗ, ಮುಪ್ಪು, ಸಾವುಗಳನ್ನು ಕಂಡಂತೆ ತಾನೂ ಆ ವಯಸ್ಸಿನಲ್ಲಿ ಬದುಕಿನ ದುಃಖದ ಹಿಡಿತಕ್ಕೆ ಸಿಕ್ಕಿದೆ ಎಂದು ಮುಂದೆ ಅವನೇ ಹೇಳಿಕೊಂಡಿದ್ದಾನೆ.

ಮಾತಿಗೆ ಕಟ್ಟುಬಿದ್ದು ಹ್ಯಾಂಬರ್ಗ್‌ನ ವರ್ತಕನೊಬ್ಬನ ಬಳಿ ಕೆಲಸ ಕಲಿಯಲು ಕುಳಿತ. 1805ರ ಏಪ್ರಿಲ್‌ನಲ್ಲಿ ತಂದೆ ಉಗ್ರಾಣದ ಮೇಲಂತಸ್ತಿನಿಂದ ಕಾಲುವೆಗೆ ಬಿದ್ದು ಸತ್ತ. ಅದು ಆತ್ಮಹತ್ಯೆಯೇ ಇರಬೇಕೆಂದು ಮಗ ನಂಬಿದ್ದ. ತಾಯಿ ವ್ಯಾಪಾರವನ್ನು ಮುಚ್ಚಿ, 1806ರಲ್ಲಿ ಮಗಳನ್ನು ಕರೆದುಕೊಂಡು ವೈಮಾರ್‌ಗೆ ಹೋಗಿ ನೆಲೆಸಿದಳು. ಕವಿ ಗಯಟೆ ಸಹ ಬಂದು ಕೂರುವಂಥ ಸಂಜೆಯ ಕೂಟಗಳು ಆಕೆಯ ಮನೆಯಲ್ಲಿ ನಡೆಯತೊಡಗಿದವು, ಆಕೆ ಸ್ವತಃ ಲೇಖಕಿಯಾದಳು. ಮಗ ತಂದೆ ಸತ್ತ ಮೇಲೂ ಎರಡು ವರ್ಷ ಲೆಕ್ಕದ ಪುಸ್ತಕಗಳ ಮುಂದೆ ಕುಳಿತಿದ್ದು, 1807ರಲ್ಲಿ ತಾಯಿಯ ಒಪ್ಪಿಗೆ ಪಡೆದು ವ್ಯಾಪಾರ ಬಿಟ್ಟು ಓದಿಗೆ ಮರಳಿದ. ವ್ಯಾಪಾರವನ್ನು ಅವನು ದ್ವೇಷಿಸಿದ ಎಂಬುದು ನಿಜ, ಆದರೆ ಕಲಿತದ್ದನ್ನು ಮರೆಯಲಿಲ್ಲ. ಹುಂಡಿ (ಇಂತಿಷ್ಟು ಹಣ ಕೊಡುವುದಾಗಿ ಸಹಿ ಮಾಡಿದ ವ್ಯಾಪಾರದ ಪತ್ರ) ಎಂದರೇನು, ಅವಧಿ ಮುಗಿದ ಹುಂಡಿಗೆ ಎಷ್ಟು ಬಲ, ಸಾಲ ತೀರಿಸಲಾರೆ ಎನ್ನುವವನ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಜರ್ಮನಿಯ ಬೇರಾವ ತತ್ವಜ್ಞಾನಿಯೂ ಅವನಷ್ಟು ಬಲ್ಲವನಾಗಿರಲಿಲ್ಲ.

ತಂದೆಯ ಆಸ್ತಿ ಮೂರು ಪಾಲಾಯಿತು. 1809ರಲ್ಲಿ ಪ್ರಾಯಕ್ಕೆ ಬಂದಾಗ ಅವನ ಕೈಗೆ ಸುಮಾರು 19,000 ಟಾಲರ್ (ಆಗಿನ ಜರ್ಮನ್ ಬೆಳ್ಳಿ ನಾಣ್ಯ) ಬಂತು. ಇದರ ಬಡ್ಡಿಯೇ ವರ್ಷಕ್ಕೆ ಒಂಬೈನೂರು ಟಾಲರ್ ದಾಟುತ್ತಿತ್ತು, ಒಂಟಿಯಾಗಿರುವ ವಿದ್ವಾಂಸನಿಗೆ ಅದು ಧಾರಾಳವಾಗಿ ಸಾಕಾಗುವ ವರಮಾನ. ಈ ಬಡ್ಡಿಯ ಮೇಲೆಯೇ ಗಾಟಿಂಗೆನ್ ಮತ್ತು ಬರ್ಲಿನ್ ವಿಶ್ವವಿದ್ಯಾಲಯಗಳಲ್ಲಿ ಓದಿದ, 1813ರಲ್ಲಿ ಯೇನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ. 1814ರ ಮೇ ತಿಂಗಳಲ್ಲಿ ತಾಯಿಯೊಂದಿಗೆ ದೊಡ್ಡ ಜಗಳವಾಗಿ ವೈಮಾರ್ ಬಿಟ್ಟ. ಆಕೆ 1838ರಲ್ಲಿ ತೀರಿಕೊಳ್ಳುವವರೆಗೂ ಅವರಿಬ್ಬರು ಮತ್ತೆ ಮುಖ ನೋಡಲಿಲ್ಲ. ಆ ಜಗಳದಲ್ಲಿ ಯಾರದು ಸರಿ ಎಂಬ ವಿಚಾರಣೆಗೆ ಇಲ್ಲಿ ಹೋಗುವುದಿಲ್ಲ. ತಾಯಿ ಖರ್ಚಿಗೆ ಹಿಂಜರಿಯುವವಳಲ್ಲ, ಮಗನಿಗೆ ಅದು ಸಹಿಸುತ್ತಿರಲಿಲ್ಲ ಎಂಬಷ್ಟು ಈ ಪ್ರಕರಣಕ್ಕೆ ಸಾಕು.

ಆ ಹೊತ್ತಿಗೆ ಬರೆದ ಪುಸ್ತಕ

ಮುಂದಿನ ನಾಲ್ಕು ವರ್ಷ ಡ್ರೆಸ್ಡೆನ್‌ನಲ್ಲಿದ್ದು ಅವನು ತನ್ನ ಮುಖ್ಯ ಕೃತಿಯನ್ನು ಬರೆದ. ಜಗತ್ತನ್ನು ಇಚ್ಛೆಯಾಗಿಯೂ ಪ್ರತೀತಿಯಾಗಿಯೂ ನೋಡುವ ಆ ಗ್ರಂಥವನ್ನು ಲೈಪ್‌ಜಿಗ್‌ನ ಬ್ರಾಕ್‌ಹೌಸ್ ಸಂಸ್ಥೆ 1818ರ ಕೊನೆಗೆ ಹೊರತಂದಿತು, ಮುಖಪುಟದಲ್ಲಿ 1819 ಎಂದು ಅಚ್ಚಾಗಿದೆ. ಅದರ ವಾದವನ್ನು ಒರಟಾಗಿ ಹೀಗೆ ಹೇಳಬಹುದು. ನಾವು ಕಾಣುವ ಲೋಕವು ದೇಶ, ಕಾಲ, ಕಾರ್ಯಕಾರಣಗಳ ಚೌಕಟ್ಟಿನಲ್ಲಿ ನಮ್ಮ ಬುದ್ಧಿಗೆ ತೋರುವ ಪ್ರತೀತಿ ಮಾತ್ರ. ಇಷ್ಟನ್ನು ಅವನು ಜರ್ಮನ್ ತತ್ವಜ್ಞಾನಿ ಕಾಂಟ್‌ನಿಂದ ಪಡೆದ. ಆ ಪ್ರತೀತಿಯ ಒಳಗಿರುವ ವಸ್ತು ಏನೆಂಬುದು ಕಾಂಟ್‌ನಿಗೆ ಅಜ್ಞಾತವಾಗಿಯೇ ಉಳಿದಿತ್ತು. ಶೋಪೆನ್‌ಹಾವರ್ ಅದಕ್ಕೆ ಇಚ್ಛೆ ಎಂದು ಹೆಸರಿಟ್ಟ. ಅದು ಕುರುಡು, ಗುರಿಯಿಲ್ಲದ್ದು, ತಣಿಯದ್ದು. ಬೀಳುವ ಕಲ್ಲಿನಲ್ಲಿ, ಬೆಳೆಯುವ ಗಿಡದಲ್ಲಿ, ಹಸಿದ ಪ್ರಾಣಿಯಲ್ಲಿ, ಆಸೆಪಡುವ ಮನುಷ್ಯನಲ್ಲಿ ಇರುವುದು ಅದೇ ಒಂದು. ಬಯಕೆ ಈಡೇರದಿದ್ದರೆ ನೋವು, ಈಡೇರಿದರೆ ಬೇಸರ. ಕಲೆಯ ಅನುಭವದಲ್ಲಿ, ಮುಖ್ಯವಾಗಿ ಸಂಗೀತದಲ್ಲಿ, ಇದರಿಂದ ತಾತ್ಕಾಲಿಕ ಬಿಡುವು ಸಿಗುತ್ತದೆ. ಪೂರ್ಣ ಬಿಡುಗಡೆ ಬೇಕಾದರೆ ಇಚ್ಛೆಯೇ ಅಡಗಬೇಕು.

ಇಲ್ಲಿ ಭಾರತದ ಪಾಲೂ ಇದೆ. ಮೊಘಲ್ ರಾಜಕುಮಾರ ದಾರಾ ಶಿಕೋ 1657ರಲ್ಲಿ ಉಪನಿಷತ್ತುಗಳನ್ನು ಪರ್ಷಿಯನ್ ಭಾಷೆಗೆ ತರಿಸಿದ್ದ. ಅದರಿಂದ ಫ್ರೆಂಚ್ ವಿದ್ವಾಂಸ ಆಂಕೆಟಿಲ್ ದ್ಯುಪೆರಾನ್ ಮಾಡಿದ ಲ್ಯಾಟಿನ್ ಅನುವಾದ 1801 ಮತ್ತು 1802ರಲ್ಲಿ ಪ್ರಕಟವಾಗಿತ್ತು. 1814ರಲ್ಲಿ ವೈಮಾರ್‌ನ ಗ್ರಂಥಾಲಯದಿಂದ ಅದನ್ನು ತಂದು ಓದಿದ ಶೋಪೆನ್‌ಹಾವರ್‌ಗೆ ಬಹುತ್ವದ ಲೋಕ ಮಾಯೆ ಎಂಬ ಮಾತು ತನ್ನ ಯೋಚನೆಗೆ ಸಿಕ್ಕ ಆಸರೆಯಂತೆ ಕಂಡಿತು. ನಾನು ಬೇರೆ, ನೀನು ಬೇರೆ ಎಂಬ ಭೇದ ಮಾಯೆಯ ಪರದೆ. ಅದು ಸರಿದಾಗ ಪರರ ನೋವು ತನ್ನ ನೋವಾಗುತ್ತದೆ, ಕರುಣೆ ಹುಟ್ಟುವುದು ಅಲ್ಲಿಂದ ಎಂಬುದು ಅವನ ನೀತಿಯ ತಿರುಳು.

ಆದರೆ ನಮ್ಮ ಪ್ರಕರಣಕ್ಕೆ ಹತ್ತಿರವಾದದ್ದು ಆ ಪುಸ್ತಕದ ನಾಲ್ಕನೆಯ ಭಾಗದಲ್ಲಿ ಬರುವ, ಓದುಗರು ಸಾಮಾನ್ಯವಾಗಿ ಬೇಗ ದಾಟಿಬಿಡುವ ಇನ್ನೊಂದು ಚರ್ಚೆ. ಅಲ್ಲಿ ಅವನು ನ್ಯಾಯ ಅನ್ಯಾಯಗಳನ್ನು ವಿವರಿಸುತ್ತಾನೆ. ಒಬ್ಬನ ಇಚ್ಛೆ ಇನ್ನೊಬ್ಬನ ಇಚ್ಛೆಯ ಎಲ್ಲೆಯೊಳಗೆ ನುಗ್ಗುವುದೇ ಅನ್ಯಾಯ. ಆದ್ದರಿಂದ ಅನ್ಯಾಯವೇ ಮೂಲ ಕಲ್ಪನೆ, ನ್ಯಾಯ ಎಂದರೆ ಅದರ ನಿಷೇಧ ಮಾತ್ರ. ಅನ್ಯಾಯಕ್ಕೆ ಎರಡು ದಾರಿ: ಬಲಾತ್ಕಾರ ಮತ್ತು ವಂಚನೆ. ಸುಳ್ಳುಗಳಲ್ಲಿ ಅತ್ಯಂತ ಪೂರ್ಣವಾದ ಸುಳ್ಳು ಮುರಿದ ಕರಾರು. ಅನ್ಯಾಯಕ್ಕೆ ಗುರಿಯಾದವನು ಅದನ್ನು ತಡೆಯಲು ಎದುರಾಳಿಯನ್ನು ಬಲವಂತಪಡಿಸಿದರೆ ಅದು ಅನ್ಯಾಯವಾಗುವುದಿಲ್ಲ. ಇದನ್ನು ಬರೆದು ಮುಗಿಸಿ, ಹಸ್ತಪ್ರತಿಯನ್ನು ಪ್ರಕಾಶಕನಿಗೆ ಒಪ್ಪಿಸಿ, 1818ರ ಶರತ್ಕಾಲದಲ್ಲಿ ಅವನು ಇಟಲಿಗೆ ಹೊರಟ.

ಸಮಸ್ಯೆ ಎದುರಾದದ್ದು

ಸುದ್ದಿ ಬಂದದ್ದು ಇಟಲಿಯಲ್ಲಿದ್ದಾಗ, ತಂಗಿಯ ಪತ್ರದ ಮೂಲಕ. ಡಾನ್‌ಜಿಗ್‌ನ ವರ್ತಕ ಪಾವತಿ ನಿಲ್ಲಿಸಿದ್ದಾನೆ. ತಾಯಿಯ ಮತ್ತು ತಂಗಿಯ ಹಣ ಹೆಚ್ಚುಕಡಿಮೆ ಎಲ್ಲವೂ ಅಲ್ಲಿಯೇ ಇದೆ. ವರ್ತಕ ಕುಟುಂಬಕ್ಕೆ ಹಳೆಯ ಪರಿಚಯದವನು, ಮೇಲಾಗಿ ಒಳ್ಳೆಯ ಬಡ್ಡಿ ಕೊಡುತ್ತಿದ್ದವನು. ಪರಿಚಯ ಮತ್ತು ಬಡ್ಡಿ ಎರಡೂ ಕೂಡಿದಾಗ ಜನ ಲೆಕ್ಕ ಕೇಳುವುದನ್ನು ಬಿಡುತ್ತಾರೆ, ತಾಯಿ ಮಗಳು ಬಿಟ್ಟದ್ದರಲ್ಲಿ ವಿಶೇಷವೇನೂ ಇಲ್ಲ. ಶೋಪೆನ್‌ಹಾವರ್ ತನ್ನ ಆಸ್ತಿಯ ಮೂರನೆಯ ಒಂದರಷ್ಟನ್ನು ಮಾತ್ರ ಅಲ್ಲಿಟ್ಟಿದ್ದ. ಹಾಗೆ ಹಂಚಿಟ್ಟದ್ದೇ ಈ ಪ್ರಕರಣದ ಮೊದಲ ತೀರ್ಮಾನ, ದಿವಾಳಿಗೆ ವರ್ಷಗಳ ಮುಂಚೆ ಆದದ್ದು. ಮುಂದಿನದೆಲ್ಲ ಸಾಧ್ಯವಾದದ್ದು ಅದರಿಂದ: ಊಟಕ್ಕೆ ಬೇರೆ ದಾರಿ ಇದ್ದವನು ಮಾತ್ರ ಕಾಯಬಲ್ಲ.

ಅವನ ಮೊದಲ ಪ್ರತಿಕ್ರಿಯೆಯನ್ನು ಅವನನ್ನು ಹಳಿಯುವವರು ಸಾಮಾನ್ಯವಾಗಿ ಹೇಳುವುದಿಲ್ಲ. ತನ್ನ ಬಳಿ ಉಳಿದಿರುವುದನ್ನು ತಾಯಿ ಮತ್ತು ತಂಗಿಯೊಂದಿಗೆ ಹಂಚಿಕೊಳ್ಳಲು ಸಿದ್ಧ ಎಂದು ಅವನು ಬರೆದ. ಐದು ವರ್ಷದಿಂದ ಮಾತಿಲ್ಲದ ತಾಯಿಯ ಬಗ್ಗೆ ಆ ಪತ್ರದಲ್ಲಿ ಕಹಿಯೂ ಇತ್ತು, ಆದರೆ ಕೊಡುಗೆ ನಿಜವಾದದ್ದೇ. ಅದು ಕಾರ್ಯರೂಪಕ್ಕೆ ಬರಲಿಲ್ಲ. ಅವನು ಪ್ರವಾಸ ನಿಲ್ಲಿಸಿ ಜರ್ಮನಿಗೆ ಮರಳಿದ. ತಾಯಿ ಮಗಳು ಡಾನ್‌ಜಿಗ್‌ಗೆ ಹೋಗಿ ವರ್ತಕನೊಡನೆ ಮಾತುಕತೆಗೆ ಕುಳಿತರು.

ವರ್ತಕ ಮುಂದಿಟ್ಟದ್ದು ಎಲ್ಲ ದಿವಾಳಿಗಳಲ್ಲೂ ಕೇಳಿಬರುವ ಮಾತು: ಎಲ್ಲರೂ ಒಟ್ಟಾಗಿ ಒಪ್ಪಿದರೆ ಶೇಕಡಾ ಮೂವತ್ತರಷ್ಟಾದರೂ ಸಿಗುತ್ತದೆ, ಒಬ್ಬಿಬ್ಬರು ಹಟ ಹಿಡಿದರೆ ಎಲ್ಲವೂ ಮುಳುಗುತ್ತದೆ. ನಮ್ಮ ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಸುಮಾರು ಐದಾಣೆ. ತಾಯಿ ಮಗಳಿಗೆ ಬೇರೆ ಆಧಾರವಿಲ್ಲದ್ದರಿಂದ ಅವರು ಒಪ್ಪಲೇಬೇಕಾಗಿತ್ತು. ಅಣ್ಣನೂ ಸಹಿ ಹಾಕಲಿ ಎಂದು ತಂಗಿ ಪತ್ರದ ಮೇಲೆ ಪತ್ರ ಬರೆದಳು.

ಅವನ ಮುಂದಿದ್ದ ದಾರಿಗಳು

ರಾಜಿಗೆ ಒಪ್ಪುವುದು ಒಂದು ದಾರಿ. ನಷ್ಟ ಖಚಿತ, ಆದರೆ ತಂಗಿಯ ಮನಸ್ಸು ಉಳಿಯುತ್ತದೆ. ಕೂಡಲೇ ದಾವೆ ಹೂಡುವುದು ಇನ್ನೊಂದು. ಅದರಿಂದ ರಾಜಿ ಮುರಿದುಬಿದ್ದು ತಾಯಿ ಮಗಳಿಗೆ ಆ ಮೂವತ್ತೂ ದಕ್ಕದೆ ಹೋಗಬಹುದಿತ್ತು, ಬರಿದಾದ ಗಲ್ಲಾಪೆಟ್ಟಿಗೆಯಿಂದ ಅವನಿಗೂ ಹೆಚ್ಚೇನೂ ಸಿಗುತ್ತಿರಲಿಲ್ಲ. ಅವನು ಇವೆರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದ. ಉಳಿದವರ ರಾಜಿಗೆ ಅಡ್ಡಿಪಡಿಸುವುದಿಲ್ಲ, ಈಗ ಹಣ ಕೇಳುವುದೂ ಇಲ್ಲ, ಆದರೆ ತನ್ನ ಹಕ್ಕಿನ ಒಂದು ಕಾಸನ್ನೂ ಬಿಡುವುದಿಲ್ಲ. ಇಪ್ಪತ್ತರ ಪ್ರಾಯಕ್ಕೆ ಮುನ್ನ ಹ್ಯಾಂಬರ್ಗ್‌ನ ಕಚೇರಿಯಲ್ಲಿ ಕಲಿತ ವಿದ್ಯೆ ಇದು. ಹುಂಡಿ ಕೈಯಲ್ಲಿದೆ, ಅದರ ಮೇಲೆ ವರ್ತಕನ ಸಹಿ ಇದೆ. ಇತರರು ತಮ್ಮ ಹಕ್ಕು ಬಿಟ್ಟುಕೊಟ್ಟಷ್ಟೂ ವರ್ತಕ ಬೇಗ ಚೇತರಿಸಿಕೊಳ್ಳುತ್ತಾನೆ, ಚೇತರಿಸಿಕೊಂಡವನು ಕೊಡಲಾರೆ ಎನ್ನುವಂತಿಲ್ಲ.

ಈ ಲೆಕ್ಕದ ಒಂದು ಮುಖ ಅಷ್ಟು ಚೆನ್ನಾಗಿಲ್ಲ, ಅದನ್ನು ಮುಚ್ಚಿಡಬಾರದು. ಅವನ ಪೂರ್ತಿ ವಸೂಲಿಗೆ ಇತರರ ನಷ್ಟವೇ ನೆಲಗಟ್ಟು, ಅವರಲ್ಲಿ ಅವನ ತಾಯಿ ಮತ್ತು ತಂಗಿಯೂ ಸೇರಿದ್ದರು. ಎಲ್ಲರೂ ಅವನಂತೆಯೇ ಮಾಡಿದ್ದರೆ ವರ್ತಕ ಏಳುತ್ತಲೇ ಇರಲಿಲ್ಲ. ಇಂದಿನ ದಿವಾಳಿ ಕಾನೂನುಗಳು ಇಂಥ ಹಟಕ್ಕೆ ಅವಕಾಶ ಕೊಡದಿರಲು ಕಾರಣ ಇದೇ. ಭಾರತದ 2016ರ ದಿವಾಳಿ ಸಂಹಿತೆಯ ಪ್ರಕಾರ ಸಾಲ ಕೊಟ್ಟವರ ಸಮಿತಿಯಲ್ಲಿ ಈಗ 66 ಪ್ರತಿಶತ ಮತ ಪಡೆದ ಪರಿಹಾರ ಯೋಜನೆಗೆ ಒಪ್ಪದವರೂ ಬದ್ಧರಾಗಬೇಕಾಗುತ್ತದೆ. ಶೋಪೆನ್‌ಹಾವರ್‌ನ ಮೇಲೆ ಅಂಥ ಕಟ್ಟುಪಾಡು ಇರಲಿಲ್ಲ. ತಾನು ಯಾರ ಎಲ್ಲೆಗೂ ನುಗ್ಗಿಲ್ಲ, ಕೊಟ್ಟ ಮಾತನ್ನು ನಡೆಸೆಂದು ಕೇಳುತ್ತಿದ್ದೇನೆ ಅಷ್ಟೇ ಎಂಬುದು ಅವನ ನಿಲುವು. ಆಗಷ್ಟೇ ಅಚ್ಚಾಗಿದ್ದ ತನ್ನ ಪುಸ್ತಕದ ಅನ್ಯಾಯದ ವ್ಯಾಖ್ಯೆಗೆ ಅದು ಅಕ್ಷರಶಃ ಹೊಂದುತ್ತದೆ.

ಸಂಬಂಧ ಮುರಿದ ಹಂತ

ಪ್ರಕರಣದ ನಿರ್ಣಾಯಕ ತಿರುವು ನನ್ನ ದೃಷ್ಟಿಯಲ್ಲಿ ಹಣಕ್ಕೆ ಸಂಬಂಧಿಸಿದ್ದಲ್ಲ. ಸಹಿ ಹಾಕು ಎಂದು ಕೇಳಿಕೊಂಡ ತಂಗಿಯ ಮೇಲೆ ಅವನಿಗೆ ಅನುಮಾನ ಹುಟ್ಟಿತು. ವರ್ತಕ ಇವರಿಗೆ ಒಳಗೊಳಗೇ ಏನೋ ಹೆಚ್ಚಿನ ಅನುಕೂಲ ಮಾಡಿಕೊಟ್ಟಿರಬೇಕು, ಅದಕ್ಕೇ ತನ್ನನ್ನು ಒಪ್ಪಿಸಲು ಹವಣಿಸುತ್ತಿದ್ದಾರೆ ಎಂದು ಅವನು ಎಣಿಸಿ, ಅದನ್ನು ಬರೆದೂ ಬಿಟ್ಟ. ತಂಗಿ ಅವನಿಗಿಂತ ಒಂಬತ್ತು ವರ್ಷ ಚಿಕ್ಕವಳು. ತಾಯಿ ಮತ್ತು ಅಣ್ಣನ ನಡುವೆ ಅಷ್ಟು ವರ್ಷ ಸೇತುವೆಯಂತಿದ್ದವಳು ಅವಳೊಬ್ಬಳೇ, ಮತ್ತು ಈ ದಿವಾಳಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳೂ ಅವಳೇ, ಏಕೆಂದರೆ ಅವಳಿಗೆ ಗಂಡನಿರಲಿಲ್ಲ, ಸ್ವಂತ ಸಂಪಾದನೆಯಿರಲಿಲ್ಲ, ಮದುವೆಯ ಸಾಧ್ಯತೆಯೂ ಆಸ್ತಿಯ ಜೊತೆಗೇ ಕರಗಿತ್ತು. ಆ ಮಾತಿನ ಏಟಿಗೆ ಪತ್ರವ್ಯವಹಾರ ಹೆಚ್ಚುಕಡಿಮೆ ಕಡಿದುಹೋಯಿತು. ಅದು ಮತ್ತೆ ಶುರುವಾದದ್ದು 1831ರಲ್ಲಿ.

ವರ್ತಕನ ಮಾತನ್ನು ನಂಬದಿರುವುದು ವಿವೇಕ. ಆದರೆ ನಂಬದಿರುವುದೇ ಅಭ್ಯಾಸವಾದಾಗ ಎದುರಿಗಿರುವವನು ಮುಳುಗಿಸುವವನೋ ಮುಳುಗುತ್ತಿರುವವನೋ ಎಂಬ ವ್ಯತ್ಯಾಸ ಕಾಣದಾಗುತ್ತದೆ. ಪರರ ನೋವನ್ನು ತನ್ನದೆಂದು ಕಾಣುವುದೇ ನೀತಿಯ ತಳಹದಿ ಎಂದು ಬರೆದವನು ತನ್ನ ಮನೆಯ ಹುಡುಗಿಯ ಪತ್ರವನ್ನು ಎದುರು ಪಕ್ಷದ ವಕೀಲನ ನೋಟಿಸಿನಂತೆ ಓದಿದ. ಇದಕ್ಕೆ ಅವನ ಪುಸ್ತಕದಲ್ಲೇ ಒಂದು ಸಮಾಧಾನವಿದೆ. ಸಂತನು ತತ್ವಜ್ಞಾನಿಯಾಗಿರಬೇಕಿಲ್ಲ, ತತ್ವಜ್ಞಾನಿಯೂ ಸಂತನಾಗಿರಬೇಕಿಲ್ಲ, ಸುಂದರ ಮೂರ್ತಿ ಕಡೆಯುವ ಶಿಲ್ಪಿ ತಾನೇ ಸುಂದರನಾಗಿರಬೇಕೆಂಬ ನಿಯಮವಿಲ್ಲ ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ವಾದವಾಗಿ ಇದನ್ನು ಒಪ್ಪಬಹುದು. ತಂಗಿಗೆ ಅದರಿಂದ ಆದ ಪ್ರಯೋಜನವೇನೂ ಇಲ್ಲ.

ಫಲಿತಾಂಶ

ರಾಜಿ ಮುಗಿಯಿತು, ವರ್ತಕ ಮತ್ತೆ ವ್ಯವಹಾರಕ್ಕೆ ಕುದುರಿಕೊಂಡ. 1821ರಲ್ಲಿ ಶೋಪೆನ್‌ಹಾವರ್ ತನ್ನ ಮೂರು ಹುಂಡಿಗಳಲ್ಲಿ ಮೊದಲನೆಯದನ್ನು ಮುಂದಿಟ್ಟ. ಆ ವರ್ಷದ ಮೇ ತಿಂಗಳಲ್ಲಿ ವರ್ತಕನಿಗೆ ಬರೆದ ಪತ್ರ ತತ್ವಶಾಸ್ತ್ರದ ಇತಿಹಾಸದಲ್ಲೇ ವಿಚಿತ್ರವಾದದ್ದು. ಇನ್ನೂ ಕೊಡಲು ಶಕ್ತಿಯಿಲ್ಲವೆಂದು ನಟಿಸಿದರೆ ನಾನು ಅದಕ್ಕೆ ವಿರುದ್ಧವಾದುದನ್ನು ಕಾಂಟ್‌ನ ಪ್ರಸಿದ್ಧ ತರ್ಕದಿಂದಲೇ ಸಾಧಿಸಿ ತೋರಿಸುತ್ತೇನೆ ಎಂದು ಅವನು ಅದರಲ್ಲಿ ಹೇಳುತ್ತಾನೆ. ಮನುಷ್ಯ ಒಂದನ್ನು ಮಾಡಬೇಕಾದವನು ಎಂದಾದರೆ ಅದನ್ನು ಮಾಡಬಲ್ಲವನೂ ಆಗಿರಲೇಬೇಕು ಎಂದು ಕಾಂಟ್ ನೈತಿಕ ಸ್ವಾತಂತ್ರ್ಯವನ್ನು ಸ್ಥಾಪಿಸಿದ್ದ. ಅದನ್ನು ಸಾಲಕ್ಕೆ ಅನ್ವಯಿಸಿ, ನೀನು ಕೊಡಬೇಕಾದವನು, ಆದ್ದರಿಂದ ಕೊಡಬಲ್ಲವನು, ಕೊಡದಿದ್ದರೆ ಹುಂಡಿ ನ್ಯಾಯಾಲಯಕ್ಕೆ ಹೋಗುತ್ತದೆ ಎಂದು ಮುಗಿಸಿದ. ತತ್ವಜ್ಞಾನಿಯಾದ ಮಾತ್ರಕ್ಕೆ ಯಾರೂ ಮೂರ್ಖನಾಗಬೇಕಿಲ್ಲ ಎಂಬ ಕುಟುಕೂ ಅದರಲ್ಲಿತ್ತು. ಕಾಂಟ್‌ನ ಈ ತರ್ಕವನ್ನು ಅವನು ತನ್ನ ಬರಹಗಳಲ್ಲಿ ಗಂಭೀರವಾಗಿ ಒಪ್ಪಿದವನಲ್ಲ ಎಂಬುದು ಗೊತ್ತಿದ್ದರೆ ಈ ಪತ್ರದ ತಮಾಷೆ ಇನ್ನೂ ಹೆಚ್ಚುತ್ತದೆ. ವರ್ತಕ ಕೊಟ್ಟ. ಮೊದಲ ಹುಂಡಿ, ಬಳಿಕ ಎರಡನೆಯದು, ಮೂರನೆಯದು, ಎಲ್ಲವೂ ಬಡ್ಡಿಸಹಿತ ಸಂದಾಯವಾದವು.

ಈ ನಡುವೆ ದಿವಾಳಿಯ ಭಯ ಅವನನ್ನು ಇನ್ನೊಂದು ಕಡೆಗೆ ನೂಕಿತ್ತು. ಆಸ್ತಿ ಉಳಿಯುವುದೋ ಇಲ್ಲವೋ ಎಂಬ ಅನಿಶ್ಚಯದಲ್ಲಿ 1819ರ ಕೊನೆಗೆ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕನಾಗಲು ಅರ್ಜಿ ಹಾಕಿದ. 1820ರ ಮಾರ್ಚ್‌ನಲ್ಲಿ ನಡೆದ ಪರೀಕ್ಷಾ ಉಪನ್ಯಾಸದಲ್ಲಿ ಎದುರು ಕುಳಿತು ಪ್ರಶ್ನೆ ಕೇಳಿದವನು ಅಲ್ಲಿನ ಪ್ರಾಧ್ಯಾಪಕ, ಹೆಸರಾಂತ ತತ್ವಜ್ಞಾನಿ ಹೆಗೆಲ್. ದಾರಿಯಲ್ಲಿ ಕುದುರೆಯೊಂದು ಮಲಗಿಬಿಟ್ಟರೆ ಅದಕ್ಕೆ ಪ್ರೇರಣೆ ಏನು ಎಂಬ ಪ್ರಶ್ನೆಯಿಂದ ಹುಟ್ಟಿದ ಚಕಮಕಿಯಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನೊಬ್ಬ ಶೋಪೆನ್‌ಹಾವರ್‌ನ ಪರ ನಿಂತ. ತೇರ್ಗಡೆಯಾದವನು ತನ್ನ ತರಗತಿಯನ್ನು ಹೆಗೆಲ್‌ನ ಮುಖ್ಯ ತರಗತಿಯ ಹೊತ್ತಿಗೇ ಇಡಬೇಕೆಂದು ತಾನೇ ಕೇಳಿಕೊಂಡ. ಹೆಗೆಲ್‌ನ ಕೋಣೆ ತುಂಬಿತು, ಇವನ ಕಡೆ ಬಂದವರು ಬೆರಳೆಣಿಕೆಯಷ್ಟು. ಆಮೇಲೆ ವರ್ಷಗಟ್ಟಲೆ ತರಗತಿ ಪ್ರಕಟವಾಗುತ್ತಿತ್ತೇ ಹೊರತು ನಡೆಯಲಿಲ್ಲ. ಕಾಯುವುದರಲ್ಲಿ ವರ್ತಕನನ್ನು ಮೀರಿಸಿದವನು ಇಲ್ಲಿ ಒಂದು ಗಂಟೆ ಹಿಂದೆ ಮುಂದೆ ಸರಿಸಿಕೊಳ್ಳುವ ತಾಳ್ಮೆಯನ್ನೂ ತೋರಲಿಲ್ಲ. ಹುಂಡಿಯ ವಿಷಯದಲ್ಲಿ ಅವನಿಗೆ ವರ್ತಕನಿಂದ ಮೆಚ್ಚುಗೆ ಬೇಕಾಗಿರಲಿಲ್ಲ, ಇಲ್ಲಿ ಕೇಳುಗರಿಂದ ಬೇಕಾಗಿತ್ತು. ವ್ಯತ್ಯಾಸ ಅದರಲ್ಲಿರಬಹುದು.

ಉದ್ಯೋಗ ಕೈಗೂಡದೆ ಹೋದಾಗ ಅವನನ್ನು ಕಾಪಾಡಿದ್ದು ಆ ಮೂರು ಹುಂಡಿಗಳು ಮತ್ತು ಬೇರೆಡೆ ಇಟ್ಟಿದ್ದ ಅಸಲು. ಪುಸ್ತಕ ಮಾರಾಟವಾಗಲಿಲ್ಲ, ಪ್ರತಿಗಳಲ್ಲಿ ಹೆಚ್ಚಿನವು ರದ್ದಿಗೆ ಹೋದವು. 1831ರಲ್ಲಿ ಕಾಲರಾಕ್ಕೆ ಹೆದರಿ ಬರ್ಲಿನ್ ಬಿಟ್ಟ. ಹೆಗೆಲ್ ಅಲ್ಲೇ ಉಳಿದು ಅದೇ ನವೆಂಬರ್‌ನಲ್ಲಿ ತೀರಿಕೊಂಡ. 1833ರಿಂದ ಸಾಯುವವರೆಗೆ ಫ್ರಾಂಕ್‌ಫರ್ಟ್‌ನಲ್ಲಿ ಬಡ್ಡಿಯ ಮೇಲೆ ಬದುಕಿದ. ಬೆಳಿಗ್ಗೆ ಬರವಣಿಗೆ, ಆಮೇಲೆ ಕೊಳಲು, ಹೋಟೆಲಿನ ಊಟ, ನಾಯಿಯ ಜೊತೆ ನಡಿಗೆ. ನಾಯಿಗೆ ಅವನು ಇಟ್ಟಿದ್ದ ಹೆಸರು ಆತ್ಮ. ಮುಖ್ಯ ಕೃತಿಯ ಎರಡನೆಯ ಆವೃತ್ತಿ 1844ರಲ್ಲಿ ಬಂದಾಗ ಸಂಭಾವನೆಯಾಗಿ ಏನೂ ಸಿಗಲಿಲ್ಲ. 1851ರ ಪ್ರಬಂಧ ಸಂಪುಟಗಳಿಗೆ ಸಿಕ್ಕಿದ್ದು ಕೆಲವು ಉಚಿತ ಪ್ರತಿಗಳು. 1853ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್ ರಿವ್ಯೂ ಪತ್ರಿಕೆಯಲ್ಲಿ ಅವನ ಬಗ್ಗೆ ಬಂದ ಲೇಖನ ಜರ್ಮನ್ ಭಾಷೆಗೆ ಅನುವಾದವಾದ ಮೇಲೆಯೇ ಸ್ವದೇಶದ ಓದುಗರು ಅವನ ಕಡೆ ತಿರುಗಿದ್ದು. 1819ರಿಂದ ಅಲ್ಲಿಗೆ ಮೂವತ್ತನಾಲ್ಕು ವರ್ಷ. ರೂಪಾಯಿಗೆ ಐದಾಣೆಯ ರಾಜಿಗೆ ಸಹಿ ಹಾಕಿದ್ದರೆ ಅಷ್ಟು ವರ್ಷ ಓದುಗರಿಲ್ಲದೆ, ಯಾರ ಹಂಗೂ ಇಲ್ಲದೆ ಬರೆಯುತ್ತ ಕೂರಲು ಸಾಧ್ಯವಾಗುತ್ತಿತ್ತೇ ಎಂಬುದು ಅನುಮಾನ. ತತ್ವಶಾಸ್ತ್ರಕ್ಕಾಗಿ ಬದುಕುವವರು ಬೇರೆ, ತತ್ವಶಾಸ್ತ್ರದಿಂದ ಹೊಟ್ಟೆ ಹೊರೆಯುವವರು ಬೇರೆ ಎಂದು ಪ್ರಾಧ್ಯಾಪಕರನ್ನು ಅವನು ಜರೆದದ್ದರ ಹಿಂದೆ ಈ ಹಣವಿದೆ. ತನಗೆ ಈ ಸ್ವಾತಂತ್ರ್ಯ ಕೊಟ್ಟದ್ದು ತಂದೆಯ ದುಡಿಮೆ ಎಂದು ಒಪ್ಪಿಕೊಂಡು ಎರಡನೆಯ ಆವೃತ್ತಿಗಾಗಿ ಅವನು ಅರ್ಪಣೆಯ ಕರಡನ್ನೂ ಬರೆದಿದ್ದ.

ತಾಯಿಯ ಕಡೆಯ ಫಲಿತಾಂಶ ಬೇರೆಯೇ. ಆಕೆ ಬರಹವನ್ನೇ ಜೀವನೋಪಾಯ ಮಾಡಿಕೊಂಡು, ಮಗನಿಗೆ ಆಗ ಕನಸಿನಲ್ಲೂ ಇಲ್ಲದಿದ್ದ ಜನಪ್ರಿಯತೆ ಗಳಿಸಿದಳು. ಆಕೆಯ ಸಮಗ್ರ ಕೃತಿಗಳು ಬಂದದ್ದು 24 ಸಂಪುಟಗಳಲ್ಲಿ. ಆದರೂ ಹಣದ ಮುಗ್ಗಟ್ಟು ತಪ್ಪಲಿಲ್ಲ. ಉಯಿಲಿನಲ್ಲಿ ಮಗನಿಗೆ ಏನನ್ನೂ ಬಿಡಲಿಲ್ಲ. ತಂಗಿ ಮದುವೆಯಾಗದೆಯೇ 1849ರಲ್ಲಿ ತೀರಿಕೊಂಡಳು.

ಪ್ರಕರಣದಿಂದ ತಿಳಿಯುವುದು

ಮೊದಲು ಹೇಳಿದ ಆತ್ಮವಂಚನೆಯ ಆಪಾದನೆಯನ್ನು ಈಗ ನೋಡಬಹುದು. 1851ರ ಸಂಪುಟಗಳಲ್ಲಿ ಬದುಕಿನ ವಿವೇಕದ ಬಗ್ಗೆ ಬರೆಯುವಾಗ ಅವನು ಮೊದಲೇ ಒಂದು ಮಾತು ಹೇಳಿಬಿಡುತ್ತಾನೆ: ಸುಖವಾಗಿ ಬದುಕುವುದು ಹೇಗೆಂದು ಹೇಳಬೇಕಾದರೆ ತನ್ನ ತತ್ವದ ಎತ್ತರದ ನಿಲುವನ್ನು ಬದಿಗಿಟ್ಟು ಸಾಮಾನ್ಯರ ನೆಲಕ್ಕೆ ಇಳಿಯಬೇಕಾಗುತ್ತದೆ. ಇಳಿದ ಮೇಲೆ ಕೊಡುವ ಸಲಹೆ ಏನು? ಸುಖದ ಬೆನ್ನು ಹತ್ತಬೇಡ, ನೋವು ತಪ್ಪಿಸಿಕೋ. ವಿವೇಕಿ ಅರಸುವುದು ನೋವಿಲ್ಲದಿರುವುದನ್ನು ಎಂಬ ಅರಿಸ್ಟಾಟಲ್‌ನ ಮಾತೇ ಅಲ್ಲಿ ಆಧಾರ. ಪಿತ್ರಾರ್ಜಿತ ಹಣ ಭೋಗಕ್ಕೆ ಸಿಕ್ಕ ಪರವಾನಗಿಯಲ್ಲ, ಮುಂದೆ ಬರಬಹುದಾದ ಕೇಡುಗಳೆದುರು ಕಟ್ಟಿದ ಕೋಟೆ. ಲೋಕ ಒಳ್ಳೆಯದೆಂದು ನಂಬಿದವನಿಗೆ ಕೋಟೆ ಬೇಕಿಲ್ಲ. ತಾಯಿ ಲೋಕವನ್ನು ನಂಬಿದ್ದಳು, ಹಣವನ್ನೆಲ್ಲ ಒಬ್ಬನಲ್ಲಿಟ್ಟಳು. ಮಗ ನಂಬಿರಲಿಲ್ಲ, ಹಂಚಿಟ್ಟ. ಈ ಮಟ್ಟಿಗೆ ಅವನ ನಡತೆ ಅವನ ತತ್ವದ ನೇರ ಅನ್ವಯ, ಅದರ ಉಲ್ಲಂಘನೆಯಲ್ಲ.

ಅನುಮಾನವೆಂಬುದು ಎಲ್ಲ ಸಲವೂ ಕಾಪಾಡುತ್ತದೆ ಎಂದೂ ಇದರಿಂದ ತೀರ್ಮಾನಿಸಬೇಕಿಲ್ಲ. ಡಾನ್‌ಜಿಗ್ ವರ್ತಕನಿಂದ ಪೂರ್ತಿ ವಸೂಲು ಮಾಡಿದವನೇ ಕೆಲವು ವರ್ಷಗಳ ಬಳಿಕ ಮೆಕ್ಸಿಕೋ ಸಾಲಪತ್ರಗಳಲ್ಲಿ ಹಣ ಹೂಡಿ ಕೈ ಸುಟ್ಟುಕೊಂಡ. ಬರ್ಲಿನ್‌ನ ವಸತಿಯಲ್ಲಿ ತನ್ನ ಕೋಣೆಯ ಮುಂದೆ ಹರಟುತ್ತಿದ್ದ ಹೊಲಿಗೆಯ ಹೆಂಗಸೊಬ್ಬಳನ್ನು 1821ರಲ್ಲಿ ಹೊರದಬ್ಬಿದ್ದಕ್ಕೆ ಹೂಡಲಾದ ದಾವೆಯಲ್ಲಿ, ಹಕ್ಕು ನನ್ನದೇ ಎಂದು ವರ್ಷಗಟ್ಟಲೆ ವಾದಿಸಿ ಸೋತು, ಆಕೆ ಬದುಕಿರುವವರೆಗೂ ವರ್ಷಕ್ಕೆ 60 ಟಾಲರ್ ತೆರಬೇಕಾಯಿತು. ವರ್ತಕನ ಎದುರು ಗೆಲ್ಲಿಸಿದ ಅದೇ ಹಟ ಇಲ್ಲಿ ಸೋಲಿಸಿತು. ಅವನ ಕೈಯಲ್ಲಿ ಈ ಸಲ ಹುಂಡಿ ಇರಲಿಲ್ಲ.

ಆ ಆಸ್ತಿ ಕೊನೆಗೆ ಎಲ್ಲಿಗೆ ಹೋಯಿತು ಎಂಬುದೂ ಪ್ರಕರಣದ ಭಾಗವೇ. 1848ರಲ್ಲಿ ಜರ್ಮನಿಯಲ್ಲಿ ಎದ್ದ ಕ್ರಾಂತಿಯ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನ ಬೀದಿಗಳಲ್ಲಿ ಗುಂಡು ಹಾರುತ್ತಿದ್ದಾಗ ಶೋಪೆನ್‌ಹಾವರ್‌ನ ಬಾಗಿಲನ್ನು ಯಾರೋ ಬಡಿದರು. ದಂಗೆಕೋರರೆಂದು ಭಾವಿಸಿ ಅವನು ಅಗುಳಿ ಹಾಕಿಕೊಂಡ. ಬಂದಿದ್ದವರು ಅವನ ಕಿಟಕಿಯಿಂದ ದಂಗೆಕೋರರತ್ತ ಗುಂಡು ಹಾರಿಸಲು ಜಾಗ ಹುಡುಕುತ್ತಿದ್ದ ಆಸ್ಟ್ರಿಯಾದ ಸೈನಿಕರು ಎಂದು ತಿಳಿದಾಗ ಬಾಗಿಲು ತೆರೆದ. ಅವರು ಪಕ್ಕದ ಮನೆಗೆ ಹೋದಾಗ ಬೀದಿಯಲ್ಲಿನ ಗುಂಪನ್ನು ನೋಡಲೆಂದು ಅಧಿಕಾರಿಗೆ ತನ್ನ ನಾಟಕದ ದುರ್ಬೀನನ್ನೂ ಕಳಿಸಿಕೊಟ್ಟ. ಕ್ರಾಂತಿಯಲ್ಲಿ ಅವನು ಕಂಡದ್ದು ಹಸಿದವರ ನೋವನ್ನಲ್ಲ, ತನ್ನ ಅಸಲು ಹಣಕ್ಕೆ ಬಂದ ಕುತ್ತನ್ನು. 1860ರ ಸೆಪ್ಟೆಂಬರ್ 21ರಂದು ಅವನು ತೀರಿಕೊಂಡ ಮೇಲೆ ಉಯಿಲು ತೆರೆದಾಗ, ಆಸ್ತಿಯ ಮುಖ್ಯ ವಾರಸುದಾರನಾಗಿ ಅವನು ಹೆಸರಿಸಿದ್ದು ಬರ್ಲಿನ್‌ನ ಒಂದು ನಿಧಿಯನ್ನು. 1848 ಮತ್ತು 1849ರ ದಂಗೆಗಳನ್ನು ಅಡಗಿಸುವಾಗ ಅಂಗವಿಕಲರಾದ ಪ್ರಷ್ಯಾದ ಸೈನಿಕರಿಗೂ, ಸತ್ತ ಸೈನಿಕರ ಕುಟುಂಬಗಳಿಗೂ ನೆರವಾಗಲೆಂದು ಸ್ಥಾಪಿಸಿದ್ದ ನಿಧಿ ಅದು. ಹೀಗೆ ತಂದೆ ಯಾವ ಪ್ರಷ್ಯಾದಿಂದ ತಪ್ಪಿಸಿಕೊಳ್ಳಲು 1793ರಲ್ಲಿ ಡಾನ್‌ಜಿಗ್ ತೊರೆದಿದ್ದನೋ, ಅವನ ಹಣ ಮಗನ ಕೈಯಿಂದ ಅದೇ ಪ್ರಷ್ಯಾದ ಸೈನಿಕರಿಗೆ ಸಂದಿತು.